ಹೊರಳುವ ಅಳತೆಯ ಕೇಬಲ್

ಜುಲೈ ಹದಿನಾಲ್ಕು, ಸೋಮವಾರ, ಬೆಳಿಗ್ಗೆ ಏಳೂಮುಕ್ಕಾಲು. ನನ್ನ ಡೈರಿಯ ಪ್ರಕಾರ ಇದು ಶುರುವಾದದ್ದು ಆಗ. ಆದರೆ ನಮ್ಮ ಮಾಮನ ವಿಷಯದಲ್ಲಿ ಯಾವುದೂ ಗಡಿಯಾರದಿಂದ ಶುರುವಾಗುವುದಿಲ್ಲ, ಹೆಬ್ಬೆರಳಿನಿಂದ ಶುರುವಾಗುತ್ತದೆ. ಈ ಭೂಮಿಯ ಮೇಲಿರುವ ಯಾವ ವಸ್ತುವನ್ನೂ ಹೆಬ್ಬೆರಳಿನಿಂದ ಒತ್ತಿ ನೋಡದೆ ನಂಬದ ಮನುಷ್ಯ ಅವರು ಎಂದರೆ ನೀವು ನಗಬಹುದು. ನಗಿ! ನಾವೂ ನಗುತ್ತಿದ್ದೆವು.

ಮಾಮ ಎಂದರೆ ನನ್ನ ತಾಯಿಯ ಅಣ್ಣ. ಹರಿಹರದ ಬಜಾರಿನಲ್ಲಿ ಅವರದು ಗಾದಿ ಅಂಗಡಿ. ಹುಡುಗನಾಗಿದ್ದಾಗಿನಿಂದ ಹತ್ತಿ ತುಂಬಿ ತುಂಬಿ, ಒತ್ತಿ ಒತ್ತಿ ನೋಡಿದ ಕೈ ಅದು. ಕಲ್ಲಂಗಡಿ ಹಣ್ಣನ್ನು ಎಲ್ಲರೂ ಒತ್ತುತ್ತಾರೆ, ಬಿಡಿ. ಆದರೆ ಬಸ್ಸಿನ ಸೀಟು ಒತ್ತಿ ನೋಡಿ, 'ಇದರಾಗೆ ಬರೀ ಚಿಂದಿ ತುಂಬ್ಯಾರೆ' ಎಂದು ದಾವಣಗೆರೆಯವರೆಗೂ ನಿಂತುಕೊಂಡೇ ಬಂದವರನ್ನು ಬೇರೆ ಎಲ್ಲಾದರೂ ಕಂಡಿದ್ದೀರಾ? ಹೋಟೆಲಿನಲ್ಲಿ ಬೆಣ್ಣೆ ದೋಸೆ ಒತ್ತಿ, 'ನಡುವೆ ಗಟ್ಟಿ, ಅಂಚಿನಾಗೆ ಸಡಿಲ' ಎಂದು ಮಾಣಿಗೆ ಪಾಠ ಹೇಳಿದವರನ್ನು? ಎಲ್ಲಕ್ಕಿಂತ ದೊಡ್ಡ ಅವಮಾನ ನಮ್ಮ ಮನೆಯಲ್ಲೇ ನಡೆಯಿತು. ನನ್ನ ತಂಗಿಯನ್ನು ನೋಡಲು ಬಂದ ಗಂಡನ್ನು ಮಾಮ ಪ್ರೀತಿಯಿಂದ ಅಪ್ಪಿಕೊಂಡರು. ಅಪ್ಪಿಕೊಂಡೇ ಭುಜವನ್ನು ಒತ್ತಿ ನೋಡಿದರು. ಆಮೇಲೆ ಒಳಗೆ ಬಂದು, ಹೊರಗೆ ಕೂತವರಿಗೂ ಕೇಳುವಷ್ಟು ಮೆಲ್ಲಗೆ, 'ಹುಡುಗ ಚಲೋ ಅದಾನೆ, ಹತ್ತಿ ಮಾತ್ರ ಕಮ್ಮಿ ಐತೆ' ಎಂದರು. ಆ ಸಂಬಂಧ ಕುದುರಲಿಲ್ಲ ಎಂದು ಬೇರೆ ಹೇಳಬೇಕೆ?

ಇಂಥವರ ಜೊತೆ ಬಾಳಿದವರು ನಮ್ಮ ಮಾಮಿ. ಮಕ್ಕಳಿಲ್ಲದ ಮನೆ. ನನ್ನ ಹೈಸ್ಕೂಲಿನ ವರ್ಷಗಳನ್ನೆಲ್ಲ ನಾನು ಕಳೆದದ್ದು ಅಲ್ಲೇ. ಈಗ ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯಲ್ಲಿ ಒಂದು ಕೋಣೆ ಹಿಡಿದು, ಊರಂಚಿನ ಕರೂರಿನ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಲೆಕ್ಕ ಬರೆಯುತ್ತೇನೆ. ಭಾನುವಾರ ಮಾತ್ರ ಹರಿಹರದ ಬಸ್ಸು ಹತ್ತುತ್ತೇನೆ. ಹತ್ತುತ್ತಿದ್ದದ್ದು ಮಾಮಿಯ ಅಡುಗೆಗೆ. ಅವರು ಏನು ಮಾಡಿದರೂ ಅದರ ಬುಡದಲ್ಲಿ ಈರುಳ್ಳಿ ಇರುತ್ತಿತ್ತು. ಆ ಈರುಳ್ಳಿ ಯಾವ ಕೆಂಪಿಗೆ ಬಂದಾಗ ಉಳಿದದ್ದನ್ನು ಹಾಕಬೇಕು ಎಂಬುದು ಅವರಿಗೆ ಮಾತ್ರ ಗೊತ್ತು. 'ಇನ್ನೂ ಇಲ್ಲ' ಎನ್ನುತ್ತಿದ್ದರು. 'ಇನ್ನೂ ಇಲ್ಲ.' ಆಮೇಲೆ ಒಂದು ಕ್ಷಣ ಬರುತ್ತಿತ್ತು. 'ಹೂಂ, ಈಗ.' ಆ ಮನೆಯಲ್ಲಿ ಮಾಮನ ಹೆಬ್ಬೆರಳನ್ನು ಹತ್ತಿರ ಬಿಡದ ಒಂದೇ ಒಂದು ಜಾಗ ಅಡುಗೆಮನೆ.

ಹೋದ ವರ್ಷದಿಂದ ಮಾಮಿಯ ಕೈ ನಡುಗತೊಡಗಿತು. ದಾವಣಗೆರೆಯ ಡಾಕ್ಟರಿಗೆ ತೋರಿಸಿದೆವು. ಪಾರ್ಕಿನ್ಸನ್ ಎಂದರು. ಮೊದಲು ಕೈ, ಆಮೇಲೆ ನಡಿಗೆ, ಆಮೇಲೆ ನಿಲ್ಲುವುದು ಏಳುವುದು. ಹಿಂದಕ್ಕೆ ಹೋಗುವ ಕಾಯಿಲೆ ಅಲ್ಲ, ಮುಂದಕ್ಕೆ ಹೋಗುವುದನ್ನು ನಿಧಾನ ಮಾಡಬಹುದು ಅಷ್ಟೆ, ಎಂದು ಒಂದೊಂದಾಗಿ ತಿಳಿಸಿ ಹೇಳಿದರು. ನಾನು ಎಲ್ಲವನ್ನೂ ಬರೆದುಕೊಂಡೆ. ಮಾಮ ಏನು ಮಾಡುತ್ತಿದ್ದರು ಗೊತ್ತೆ? ರೋಗಿಗಳನ್ನು ಮಲಗಿಸುವ ಹಾಸಿಗೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದರು! ಡಾಕ್ಟರ ಮಾತು ಮುಗಿದ ಮೇಲೆ, 'ಇದರೊಳಗಿನ ಸ್ಪಂಜು ಕುಂತು ಹೋಗೈತ್ರಿ' ಎಂದರು. ನನಗೆ ನಾಚಿಕೆಯಾಗಿ ನೆಲ ನೋಡಿದೆ. 'ಮಾಮ ಒಂದು ಮಾತನ್ನೂ ಕೇಳಿಸಿಕೊಳ್ಳಲಿಲ್ಲ' ಎಂದು ಅವತ್ತಿನ ಡೈರಿಯಲ್ಲಿ ಬರೆದಿದ್ದೇನೆ.

ಈಗ ಜುಲೈ ಹದಿನಾಲ್ಕಕ್ಕೆ ಬರೋಣ. ಭಾನುವಾರ ಹೋದವಳು ಮಳೆಗೆ ಅಲ್ಲೇ ಉಳಿದಿದ್ದೆ. ಬೆಳಿಗ್ಗೆ ಮಾಮಿ ಗ್ಯಾಸ್ ಹಚ್ಚಿ ಚಹಾಕ್ಕೆ ಇಟ್ಟಿದ್ದರು. ಕೈ ನಡುಗಿ ಸೆರಗು ಜಾರಿತು. ಅಂಚಿಗೆ ಹತ್ತಿದ ಬೆಂಕಿ ಅಂಗೈ ಅಗಲ ಆಗುವುದರೊಳಗೆ ಮಾಮ ಕೈಯಿಂದಲೇ ಹಿಸುಕಿ ಆರಿಸಿದರು. ಮಾಮಿಗೆ ಏನೂ ಆಗಲಿಲ್ಲ. ಮಾಮನ ಹೆಬ್ಬೆರಳು ಸುಟ್ಟು ಬೊಬ್ಬೆ ಬಂತು. ಮಾಮ ಸಿಲಿಂಡರಿನ ಪೈಪು ಬಿಚ್ಚಿದರು, ಒಲೆಯನ್ನೂ ಸಿಲಿಂಡರನ್ನೂ ತಳ್ಳುಗಾಡಿಯ ಮೇಲಿಟ್ಟು ಊರಿನ ಇನ್ನೊಂದು ತುದಿಯಲ್ಲಿರುವ ತಂಗಿಯ, ಎಂದರೆ ನನ್ನ ತಾಯಿಯ, ಮನೆಗೆ ಸಾಗಿಸಿಬಿಟ್ಟರು. ಚಹಾದ ನೀರು ಇನ್ನೂ ಬಿಸಿಯಾಗಿರಲಿಲ್ಲ.

'ಅಲ್ರೀ, ಮಧ್ಯಾಹ್ನಕ್ಕೆ ಏನು ಮಾಡ್ಲಿ?' ಎಂದರು ಮಾಮಿ.

'ಉಣ್ಣೋಣ.'

'ಏನನ್ನ?'

ಇದನ್ನು ಮಾಮ ಯೋಚಿಸಿರಲಿಲ್ಲ.

ಅವತ್ತಿನಿಂದ ಆ ಮನೆ ಮಂಡಕ್ಕಿಯ ಮೇಲೆ ನಿಂತಿತು. ಪಕ್ಕದ ಮನೆಯವರು ಸಾರು ಕೊಟ್ಟರು, ಹೋಟೆಲಿನಿಂದ ಇಡ್ಲಿ ಬಂತು. ಮಾಮ ಒಂದು ಇಂಡಕ್ಷನ್ ಒಲೆ ತಂದರು. ಮಾಮಿಯ ಪಾತ್ರೆಗಳೆಲ್ಲ ಅಲ್ಯೂಮಿನಿಯಮ್ಮಿನವು. ಅವನ್ನು ಇಟ್ಟರೆ ಆ ಒಲೆ ಬಿಸಿಯಾಗುವುದೇ ಇಲ್ಲ. ಸ್ಟೀಲಿನ ಪಾತ್ರೆ ಇಟ್ಟರೆ ಇನ್ನೊಂದು ತೊಂದರೆ. ಅದರ ಗುಂಡಿಗಳು ಮುಟ್ಟಿದರೆ ಸಾಕು ಎನ್ನುವಂಥವು. ನಡುಗುವ ಬೆರಳು ಒಂದು ಸಲ ಮುಟ್ಟುವುದು ಹೇಗೆ? ಮುಟ್ಟಿದಾಗ ಹತ್ತಿತು, ಮತ್ತೆ ತಗುಲಿ ಆರಿತು, ಮತ್ತೆ ಹತ್ತಿತು. ಮಾಮಿ ಕೈ ಹಿಂದಕ್ಕೆಳೆದುಕೊಂಡು, ಒಂದು ಕೈಯಿಂದ ಇನ್ನೊಂದನ್ನು ಹಿಡಿದುಕೊಂಡು, ಹಾಲಿಗೆ ಹೋಗಿ ಕಿಟಕಿಯ ಹತ್ತಿರದ ಮಂಚದ ಮೇಲೆ ಕೂತರು. ಆ ರಾತ್ರಿ ಅಡುಗೆ ಮಾಡಿದವರು ಮಾಮ. ಅನ್ನ ಆದ ಮೇಲೆ ಅದನ್ನು ತಾವೇ ಹೆಬ್ಬೆರಳಿನಿಂದ ಒತ್ತಿ ನೋಡಿದರು. ಅವರ ಬಾಳಿನಲ್ಲಿ ಒತ್ತಿ ನೋಡಿದ ಮೇಲೆ ಅಭಿಪ್ರಾಯ ಹೇಳದೆ ಮುಚ್ಚಳ ಮುಚ್ಚಿದ್ದು ಅದೊಂದೇ ಸಲ!

ದಾರಿ ತೋರಿಸಿದವಳು ನಾನು. ನಮ್ಮ ಕಾರ್ಖಾನೆಯ ಕ್ಯಾಂಟೀನು ಮುಚ್ಚಿದ್ದರು. ಅಲ್ಲಿದ್ದ ಕರೆಂಟ್ ಒಲೆ ಮಾರಾಟಕ್ಕಿತ್ತು. ಮೇಲೆ ಎರಡು ಕಬ್ಬಿಣದ ತಟ್ಟೆ, ಕೆಳಗೆ ಓವನ್, ಮುಂದೆ ಹಿಡಿ ತುಂಬುವಂಥ ದಪ್ಪ ತಿರುಗುಗುಂಡಿಗಳು. ಬೆಂಕಿ ಇಲ್ಲ, ಯಾವ ಪಾತ್ರೆಯಾದರೂ ಆಯಿತು, ಕೈ ಎಷ್ಟು ನಡುಗಿದರೂ ಗುಂಡಿ ತಪ್ಪಿ ಹೋಗುವುದಿಲ್ಲ. ಮಾಮ ಬಂದು ಒತ್ತಿ ನೋಡಿ (ಕಬ್ಬಿಣವನ್ನು!) ಒಪ್ಪಿದರು. ಆಗಸ್ಟ್ ಎರಡಕ್ಕೆ ಒಲೆ ಹರಿಹರಕ್ಕೆ ಬಂತು. ಕರೆಂಟ್ ಆಫೀಸಿನಲ್ಲಿ ಮನೆಯ ಲೋಡು ಹೆಚ್ಚಿಸಿಕೊಳ್ಳುವ ಕೆಲಸವೂ ಸರಾಗ ಆಯಿತು. ಇನ್ನೇನು, ಒಂದು ಕೇಬಲ್ ಎಳೆದರೆ ಮುಗಿಯಿತು ಎಂದುಕೊಂಡೆ.

ಒಂದು ಕೇಬಲ್! ಅಯ್ಯೋ.

ವೈರ್‌ಮನ್ ಮಂಜಣ್ಣ ಬಂದ. ಮಾಮನ ಅಂಗಡಿಯ ಗಾದಿಯ ಮೇಲೆಯೇ ಮಲಗುವ ಹಳೆಯ ಗಿರಾಕಿ. ಒಲೆಯ ಹಿಂದಿನ ಚೀಟಿ ಓದಿ, 'ಐದೂವರೆ ಕಿಲೋವ್ಯಾಟು. ಮಾಮೂಲಿ ಸಾಕೆಟ್ಟಿಗೆ ಹಾಕಿದ್ರೆ ಸುಟ್ಟು ಹೋಗ್ತೈತೆ ಚಾಚಾ. ಇದಕ್ಕೇ ಅಂತ ಬೋರ್ಡಿನಿಂದ ಬೇರೆ ಲೈನು, ಬೇರೆ ಎಂಸಿಬಿ ಸ್ವಿಚ್ಚು, ಚಲೋ ಅರ್ಥಿಂಗು ಬೇಕು. ತಾಮ್ರದ ನಾಲ್ಕು ಎಂಎಂ ವೈರು ಗೋಡೆಯೊಳಗೆ ಪೈಪಿನಾಗೆ ಹಾಕಿಬಿಡ್ತೀನಿ' ಎಂದ. ಟೇಪು ಹಿಡಿದು ಬೋರ್ಡಿನಿಂದ ಅಡುಗೆಮನೆಯ ಕಟ್ಟೆಯವರೆಗೆ ಅಳೆದ. 'ಆರು ಮೀಟರ್ ಸಾಕು.'

ಮಾಮ ಟೇಪನ್ನು ನಂಬುವವರಲ್ಲ. ಮೊಣಕೈಯಿಂದ ಬೆರಳ ತುದಿಯವರೆಗೆ ಮೊಳ ಹಾಕುತ್ತಾ ಗೋಡೆಯ ಉದ್ದಕ್ಕೂ ನಡೆದರು. ಅಡುಗೆಮನೆಯ ಬಾಗಿಲು ಬಂತು, ದಾಟಿದರು. ಹಾಲಿಗೆ ಹೋದರು. ಅಲ್ಲಿಂದ ಒಳಕೋಣೆಗೆ ಹೋದರು. ಮನೆಯನ್ನೆಲ್ಲ ಅಳೆದು ಬಂದು, 'ಇಪ್ಪತ್ತು ಮೀಟರ್ ತರಾಣ' ಎಂದರು.

'ಇಪ್ಪತ್ತಾ? ಮನೆ ಸುತ್ತ ಕಟ್ಟೋಕಾ ಚಾಚಾ?'

'ನಾಲ್ಕರದ್ದು ಬ್ಯಾಡ, ಅಷ್ಟು ಉದ್ದಕ್ಕೆ ಆರು ಎಂಎಂದೇ ಹಾಕು. ಗೋಡೆಯೊಳಗೆ ಹೂಳಬ್ಯಾಡ. ಹೊರಗೇ ಕ್ಲಿಪ್ಪು ಹೊಡಿ. ಬಿಚ್ಚೋಕೆ ಬರ್ಬೇಕು.'

'ಒಲೆ ಲೈನು ಯಾಕ ಬಿಚ್ತೀರಿ? ವರ್ಷಾ ಮೊಹರಂಗೆ ಸುಣ್ಣಾ ಹೊಡಿಯೋಕಾ?'

ಮಾಮ ಇನ್ನೊಮ್ಮೆ ಮೊಳ ಹಾಕತೊಡಗಿದರು. ಮಂಜಣ್ಣ ನನ್ನ ಕಡೆ ನೋಡಿದ. ನಾನು ಹಣೆ ಚಚ್ಚಿಕೊಂಡೆ. ಉದ್ದ ಜಾಸ್ತಿಯಾದರೆ ದಪ್ಪದ ವೈರು ಬೇಕು ಎಂಬುದನ್ನು ಅವರು ಎಲ್ಲಿಂದ ತಿಳಿದುಕೊಂಡು ಬಂದಿದ್ದರೋ. ಅಷ್ಟು ಉದ್ದ ಯಾತಕ್ಕೆ ಎಂಬುದನ್ನು ಮಾತ್ರ ಯಾರಿಗೂ ಹೇಳಲೊಲ್ಲರು.

ಮುಂದಿನ ಶನಿವಾರಗಳು ನನ್ನ ಡೈರಿಯಲ್ಲಿ ದುಃಖದಿಂದ ತುಂಬಿವೆ. ನನ್ನ ಕೆಲಸ ಬಿಡುವ ಹೊತ್ತಿಗೆ ಮಾಮ ದಾವಣಗೆರೆಗೆ ಬರುತ್ತಿದ್ದರು, ನನ್ನ ಸ್ಕೂಟರಿನ ಸೀಟನ್ನು ಒತ್ತಿ ನೋಡಿ ನಿಟ್ಟುಸಿರು ಬಿಟ್ಟು ಹತ್ತುತ್ತಿದ್ದರು. ವೈರಿನ ಅಂಗಡಿಗಳನ್ನು ಸುತ್ತುತ್ತಿದ್ದೆವು. ಕೌಂಟರಿನ ಮೇಲೆ ಕೇಬಲ್ ಬಂದ ಕೂಡಲೆ ಹೆಬ್ಬೆರಳು ಮುಂದಕ್ಕೆ. ಒತ್ತುವುದು, ಮಡಚುವುದು, ನೆಲದ ಮೇಲೆ ಹಾಸಿ ಪಾದದಿಂದ ಉರುಳಿಸುವುದು. ಒಂದು ಅಂಗಡಿಯ ಯಜಮಾನರು ತಾಳ್ಮೆಯ ಮನುಷ್ಯ. ಎದ್ದು ಬಂದು ವಿಚಾರಿಸಿದರು.

'ಚಾಚಾ, ಏನು ಹುಡುಕ್ತೀರಿ ಅದರಾಗೆ?'

'ಮೆತ್ತಗೆ ಇರ್ಬೇಕ್ರಿ.'

'ಇದು ವೈರು. ದಿಂಬಲ್ಲ.'

'ಗೊತ್ತೈತ್ರಿ. ಇದು ಮಡಚಿದ್ರೆ ಮಡಚಿದಂಗೆ ಕುಂದ್ರತೈತೆ. ಎರಡು ಸಲ ಬಿಚ್ಚಿ ಹಾಕಿದ್ರೆ ಒಳಗೆ ಮುರೀತೈತೆ.'

'ಎರಡು ಸಲ ಯಾಕ್ರಿ ಬಿಚ್ತೀರಿ? ಮಿಕ್ಸಿಗಾದ್ರೆ ಮೆತ್ತಂದು ಬೇಕು, ಡ್ರಿಲ್ ಮಿಷನ್ನಿಗೆ ಬೇಕು. ಒಲೆ ಇಟ್ಟಲ್ಲೇ ಇರ್ತೈತೆ. ನಿಮ್ಮ ಒಲೆ ಏನು ಓಡಾಡ್ತೈತೇನ್ರಿ?'

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ.

'ಓಡಾಡೋದು ಒಲೆ ಅಲ್ರೀ...' ಎಂದು ಶುರುಮಾಡಿದ ಮಾಮ ಅಲ್ಲಿಗೇ ನಿಲ್ಲಿಸಿ, ಕೇಬಲನ್ನು ಒಪ್ಪವಾಗಿ ಸುತ್ತಿ ಕೌಂಟರಿನ ಮೇಲಿಟ್ಟು ಹೊರಗೆ ನಡೆದರು. ಡೈರಿಯ ಕೊನೆಯ ಪುಟದಲ್ಲಿ ನಾನು ಒಂದು ಪಟ್ಟಿ ಮಾಡಿಕೊಂಡಿದ್ದೆ: ಮಾಮ ಒತ್ತಿ ಬೇಡವೆಂದ ಕೇಬಲುಗಳು, ಹನ್ನೊಂದು. ತಿಂಗಳು ಮುಗಿಯುತ್ತ ಬಂದಿತ್ತು.

ಹರಿಹರದಲ್ಲಿ ಮಾಮಿ ಮಾತ್ರ ಕಿಟಕಿಯ ಹತ್ತಿರದ ಮಂಚಕ್ಕೆ ಅಂಟಿಕೊಂಡಂತೆ ಆಗಿದ್ದರು. ಅಡುಗೆಮನೆಯಲ್ಲಿ ಒಲೆ ಬಟ್ಟೆ ಹೊದ್ದುಕೊಂಡು ಕೂತಿತ್ತು, ಹಾಲಿನಲ್ಲಿ ಇವರು. ಒಬ್ಬರಿಗೊಬ್ಬರು ಕಾಯುತ್ತಿರುವಂತೆ. ಒಂದು ಭಾನುವಾರ ನಾನು ಹೋದಾಗ ತಟ್ಟೆಯಲ್ಲಿ ಬೆಳ್ಳುಳ್ಳಿ ಇಟ್ಟುಕೊಂಡು ಸುಲಿಯುತ್ತಿದ್ದರು. ಒಂದು ಎಸಳನ್ನು ಹಿಡಿಯಲು ಬೆರಳುಗಳು ಹೋಗುವುದು, ಅದು ಜಾರುವುದು, ಮತ್ತೆ ಹೋಗುವುದು. ನಾನು ಕೈ ಹಾಕಿದೆ.

'ಬಿಡು,' ಎಂದರು. 'ಇದೊಂದಾದ್ರೂ ನನಗೆ ಬಿಡು.'

ಇನ್ನೊಂದು ಎಸಳಿಗೆ ಕೈ ಹಾಕುತ್ತ ಅವರೇ ಮಾತು ತೆಗೆದರು. 'ಪಕ್ಕದ ಮನೆ ಸಾರು ಉಂಡು ಉಂಡು, ನನ್ನ ಸಾರು ಹೆಂಗಿತ್ತು ಅನ್ನೋದೇ ಮರ್ತೋಗೈತೆ. ಅವರು ಈರುಳ್ಳಿ ಕೆಂಪು ಮಾಡೋದೇ ಇಲ್ಲವ್ವ, ಬಿಳೀದಾಗೇ ನೀರು ಹಾಕ್ತಾರೆ. ಪಾಪ, ಕೊಟ್ಟಿದ್ದಕ್ಕೆ ಹೆಸರಿಡಬಾರ್ದು.' ಮತ್ತೆ ಒಂದು ಎಸಳು ಜಾರಿತು. 'ನಿಮ್ಮ ಮಾಮಗೆ ಹೇಳು. ಕೈ ಇರೋವಾಗ ಒಲೆ ಹಚ್ಚಿ ಕೊಡ್ರಿ ಅಂತ. ಆಮೇಲೆ ಕೊಟ್ರೆ ಏನು ಮಾಡ್ಲಿ ನಾನು, ನೋಡ್ಕೊಂತ ಕೂಡ್ಲಾ?'

ನಾನು ಸಿಟ್ಟಿನಿಂದ ನೇರ ಅಂಗಡಿಗೆ ಹೋದೆ. ಮಾಮ ಯಾರೋ ಗಿರಾಕಿಯ ಜೊತೆ ಮಾತಾಡುತ್ತಿದ್ದರು. ಮದುವೆ ಮನೆಯವರು, ಗಾದಿಗೆ ಅಳತೆ ಬರೆದುಕೊಂಡು ಬಂದಿದ್ದರು. ಮಾಮ ಚೀಟಿಯನ್ನು ಪಕ್ಕಕ್ಕಿಟ್ಟರು.

'ಇದು ಮಲಗೋ ಅಳತೆ. ಇಷ್ಟಕ್ಕೇ ಗವಸು ಕತ್ತರಿಸಿದ್ರೆ ಸಾಲೋದಿಲ್ಲ. ಹೊರಳೋ ಅಳತೆ ತಗೋಬೇಕು. ಮಲಗಿದ ಮನುಷ್ಯ ಎತ್ತ ಹೊರಳ್ತಾನೆ, ಮುದುಕಾದ್ಮೇಲೆ ಎತ್ತ ಹೊರಳ್ತಾನೆ, ಎಲ್ಲಾ ನೋಡಿ ಬಟ್ಟೆ ಕತ್ತರಿಸ್ಬೇಕು. ಕಮ್ಮಿ ಕತ್ತರಿಸಿದ ಮ್ಯಾಗೆ ಸೇರಿಸೋಕೆ ಬರೋದಿಲ್ಲ.'

ಗಿರಾಕಿ ಹೋಗುವವರೆಗೆ ಕಾದು ನಾನು ಬಾಯಿ ಬಿಟ್ಟೆ. 'ಮಾಮ, ಗಾದಿ ಪಾಠ ಸಾಕು ಮಾಡ್ರಿ. ಮಂಜಣ್ಣ ಹೇಳಿದ ವೈರು ಬಜಾರಿನಾಗೆ ಸಿಗ್ತೈತೆ, ಒಂದು ದಿನದ ಕೆಲಸ. ಮಾಮಿ ಕೈ ದಿನಾ ದಿನಾ ಸೋಲ್ತಾ ಐತೆ. ನಿಮಗೆ ಕಾಣೋದಿಲ್ಲೇನು?'

ಮಾಮ ದಬ್ಬಣಕ್ಕೆ ದಾರ ಪೋಣಿಸುತ್ತಿದ್ದರು. ಕಣ್ಣು ಎತ್ತಲಿಲ್ಲ. 'ಒಂದೇ ಸಲ ತರೋದು ಬೇಟಿ,' ಎಂದರು. 'ಎರಡ್ನೇ ಸಲ ತರೋ ಹೊತ್ತಿಗೆ ನನಗೆ ತಲೆ ಓಡ್ತೈತೋ ಇಲ್ಲೋ.'

ಅವತ್ತು ಬಸ್ಸಿನಲ್ಲಿ ವಾಪಸ್ ಬರುವಾಗ ಅವರ ಮೇಲೆ ನನಗೆ ಎಷ್ಟು ಸಿಟ್ಟಿತ್ತೆಂದರೆ, ಡೈರಿಯಲ್ಲಿ ಬರೆದ ಸಾಲನ್ನು ಇಲ್ಲಿ ಬರೆಯಲಾರೆ.

ಕೊನೆಗೆ ಕೇಬಲ್ ಸಿಕ್ಕಿದ್ದು ನಾನು ದಿನಾ ಹೋಗಿಬರುವ ಕರೂರಿನಲ್ಲೇ! ವೈರಿನ ಅಂಗಡಿಯಲ್ಲಲ್ಲ, ಮಿಷನ್ನುಗಳ ಬಿಡಿಭಾಗ ಮಾರುವ ಒಂದು ಶೆಡ್ಡಿನಲ್ಲಿ. ಅತ್ತಿತ್ತ ಎಳೆದಾಡುವ ಮಿಷನ್ನುಗಳಿಗೆ ಹಾಕುವ ಕೇಬಲ್ ಅದು. ರಬ್ಬರಿನ ಕಪ್ಪು ಹೊದಿಕೆ, ಒಳಗೆ ಆರು ಎಂಎಂನ ಮೂರು ಎಳೆ, ಪ್ರತಿ ಎಳೆಯಲ್ಲೂ ಕೂದಲಿನಂಥ ತಾಮ್ರದ ನೂರಾರು ತಂತಿ. ಮಾಮ ಒತ್ತಿದರು. ಕಣ್ಣು ಮುಚ್ಚಿದರು. ಇನ್ನೊಮ್ಮೆ ಒತ್ತಿದರು.

'ಹತ್ತಿ!' ಎಂದರು.

ಶೆಡ್ಡಿನವನು ಗಾಬರಿಯಾದ. 'ಹತ್ತಿ ಅಲ್ರೀ, ತಾಮ್ರ, ಪ್ಯೂರು!'

'ತಾಮ್ರಾನೇ ಹತ್ತಿ ಆಗೈತೆ,' ಎಂದು ಮಾಮ ಇಪ್ಪತ್ತು ಮೀಟರ್ ಕೇಬಲನ್ನು ಹೆಗಲಿಗೆ ಹಾರದ ಹಾಗೆ ಹಾಕಿಕೊಂಡು, ಅದರ ಭಾರಕ್ಕೆ ಒಂದು ಕಡೆ ವಾಲಿಕೊಂಡು ಸ್ಕೂಟರ್ ಹತ್ತಿದರು. ದಾರಿಯುದ್ದಕ್ಕೂ ಜನ ನಮ್ಮನ್ನು ನೋಡಿ ನಗುತ್ತಿದ್ದರು. ಮಾಮ ಅವರಿಗೆಲ್ಲ ಸಲಾಮು ಹೊಡೆಯುತ್ತಿದ್ದರು.

ಸೆಪ್ಟೆಂಬರ್ ಇಪ್ಪತ್ತೊಂದು, ಭಾನುವಾರ. ಬೆಳಿಗ್ಗೆ ಹೊತ್ತು ಏರುವ ಮುಂಚೆಯೇ ಮಂಜಣ್ಣ ಬಂದು, ಹಿತ್ತಲಿನಲ್ಲಿ ಅರ್ಥಿಂಗ್ ಗುಂಡಿ ತೆಗೆದ. ಆ ಮಣ್ಣನ್ನೂ ಮಾಮ ಒತ್ತಿ ನೋಡಿದರು ಎಂದು ನಾನು ಹೇಳದೆಯೇ ನಿಮಗೆ ಗೊತ್ತಾಗಿರಬೇಕು. ಬೋರ್ಡಿನಲ್ಲಿ ಹೊಸ ಎಂಸಿಬಿ ಕೂತಿತು. ಕೇಬಲ್ ಗೋಡೆಯ ಬುಡಕ್ಕೆ ಅಂಟಿಕೊಂಡು ಅಡುಗೆಮನೆಗೆ ಹೋಯಿತು. ಅರ್ಧಕ್ಕಿಂತ ಹೆಚ್ಚು ಉಳಿದು ಮೂಲೆಯಲ್ಲಿ ಹಾವಿನ ಹಾಗೆ ಸುರುಳಿ ಸುತ್ತಿಕೊಂಡು ಬಿತ್ತು.

'ಇದನ್ನ ಕತ್ತರಿಸಿಬಿಡ್ಲಾ ಚಾಚಾ? ಸುತ್ತಿಟ್ಟ ಕೇಬಲಿನಾಗೆ ಜೋರು ಕರೆಂಟ್ ಹರಿದ್ರೆ ಬಿಸಿ ಆಗ್ತೈತೆ. ಹಂಗೇ ಬಿಡಬಾರ್ದು.'

'ಇರ್ಲಿ ತಡಿ,' ಎಂದರು ಮಾಮ.

ಎಲ್ಲ ಆಯಿತು. ನಾನು ಮಾಮಿಯನ್ನು ಕರೆಯಲು ಹಾಲಿಗೆ ಹೋದೆ. ಅವರು ಆಗಲೇ ಮುಖ ತೊಳೆದು, ಒಗೆದ ಸೀರೆ ಉಟ್ಟು ಕೂತಿದ್ದರು. ಹೆಚ್ಚಿದ ಈರುಳ್ಳಿಯ ತಟ್ಟೆ ಮಡಿಲಿನಲ್ಲಿತ್ತು. ಎಷ್ಟು ಹೊತ್ತಿಗೆ ಎದ್ದು ಹೆಚ್ಚಿದ್ದರೋ. ಒಂದೊಂದು ಚೂರು ಒಂದೊಂದು ಗಾತ್ರ. ನನ್ನ ತೋಳು ಹಿಡಿದು ಎದ್ದರು. ಬಾಗಿಲಿನ ಹೊಸ್ತಿಲಿನ ಹತ್ತಿರ ಪಾದ ನೆಲಕ್ಕೆ ಹೂತು ಹೋದಂತೆ ನಿಂತಿತು. ಈ ತಿಂಗಳು ಶುರುವಾದ ಹೊಸ ತೊಂದರೆ ಇದು. ಹೇಗೋ ದಾಟಿ ಕಟ್ಟೆಯವರೆಗೆ ಬಂದರು. ಗುಂಡಿ ತಿರುಗಿಸಿದರು. ಕೈ ನಡುಗಿತು, ಆದರೆ ಗುಂಡಿ ತಿರುಗಿತು. ಮಾಮಿಯ ಮುಖದಲ್ಲಿ ಆ ಗಳಿಗೆ ಬಂದ ಬೆಳಕನ್ನು ನಾನು ಬಹಳ ದಿನದಿಂದ ಕಂಡಿರಲಿಲ್ಲ.

ಕರೆಂಟ್ ಒಲೆಯ ಕಬ್ಬಿಣದ ತಟ್ಟೆ ಗ್ಯಾಸಿನ ಹಾಗೆ ತಟ್ಟನೆ ಕಾಯುವುದಿಲ್ಲ. ಎಣ್ಣೆ ಹಾಕಿ ನಿಂತರು. ಒಂದು ಕೈ ಕಟ್ಟೆಯನ್ನು ಹಿಡಿದಿತ್ತು. ಆಮೇಲೆ ಎರಡೂ ಕೈ ಹಿಡಿದವು. ಮೊಣಕಾಲು ನಡುಗತೊಡಗಿತು. ಎಣ್ಣೆ ಇನ್ನೂ ಕಾದಿರಲಿಲ್ಲ.

'ಕೂಡ್ಸು,' ಎಂದರು ನನಗೆ, ಬಹಳ ಸಣ್ಣ ದನಿಯಲ್ಲಿ.

ನಾನೂ ಮಂಜಣ್ಣನೂ ಸೇರಿ ಅವರನ್ನು ಹಾಲಿಗೆ ಕರೆದುಕೊಂಡು ಹೋಗಿ ಮಂಚದ ಮೇಲೆ ಕೂಡಿಸಿದೆವು. ಮಾಮಿ ಕಿಟಕಿಯ ಹೊರಗೆ ನೋಡುತ್ತ, 'ತಡ ಆಯ್ತು ನೋಡ್ರಿ,' ಎಂದರು. ಯಾರನ್ನೂ ಬೈಯುವ ದನಿಯಲ್ಲಿ ಅಲ್ಲ. ಬಸ್ಸು ತಪ್ಪಿದವರು ಹೇಳುವ ಹಾಗೆ.

ನಾನು ಮಾಮನ ಕಡೆ ತಿರುಗಿದೆ. ಮಾಮ ಅಡುಗೆಮನೆಯ ಬಾಗಿಲಲ್ಲಿ ನೆಲಕ್ಕೆ ಕೂತು ಕ್ಲಿಪ್ಪುಗಳನ್ನು ಸಡಿಲಿಸುತ್ತಿದ್ದರು.

'ಮಂಜಣ್ಣ, ಮೇನ್ ಆಫ್ ಮಾಡು. ಒಲೆ ಆರಿದ ಮ್ಯಾಗೆ ಆ ಕಡೆ ಹಿಡಿ.'

ಇಬ್ಬರೂ ಒಲೆಯನ್ನು ಎತ್ತಿದರು. ಮಾಮ ಹಿಂದಿನ ವಾರವೇ ಅಂಗಡಿಯಿಂದ ಒಂದು ಗಿಡ್ಡ ಮೇಜನ್ನು ತಂದು ಕಿಟಕಿಯ ಕೆಳಗೆ ಹಾಕಿದ್ದರು. ಅದು ಅವರು ಚಹಾ ಲೋಟ ಇಡಲು ತಂದದ್ದು ಎಂದುಕೊಂಡಿದ್ದೆ. ಒಲೆ ಅದರ ಮೇಲೆ, ಮಂಚದಲ್ಲಿ ಕೂತವರ ಕೈಗೆ ಸರಿಯಾಗಿ ಕೂತಿತು. ಕಪ್ಪು ಕೇಬಲ್ ಬಾಗಿಲು ಸುತ್ತಿ, ಹಾಲಿನ ಗೋಡೆಯ ಬುಡ ಹಿಡಿದು, ಎಲ್ಲೂ ಸೆಟೆದುಕೊಳ್ಳದೆ, ಅದರ ಹಿಂದೆಯೇ ಹರಿದು ಬಂತು. ಮಂಜಣ್ಣ ಮತ್ತೆ ಕ್ಲಿಪ್ಪು ಕೂರಿಸಿದ, ಮೇನ್ ಹಾಕಿದ. ಗೋಡೆಯೊಳಗೆ ಹೂತ ನಾಲ್ಕರ ವೈರು ಆಗಿದ್ದರೆ?

ಮಾಮಿ ಗಂಡನನ್ನೇ ನೋಡುತ್ತಿದ್ದರು. 'ಇದಕ್ಕಾ ಇಷ್ಟು ದಿನ ಅಲೆದಿದ್ದು?'

'ಮತ್ತೆ? ಡಾಕ್ಟರ್ ಹೇಳಲಿಲ್ಲೇನು, ಮೊದ್ಲು ಕೈ, ಆಮೇಲೆ ನಡಿಗೆ ಅಂತ.'

'ನೀವು ಹಾಸಿಗೆ ಒತ್ತಿ ನೋಡ್ತಿದ್ರಿ!'

'ಒತ್ತೋದು ಕೈ. ಕೇಳೋದು ಕಿವಿ.'

ಎಣ್ಣೆ ಕಾಯಿತು. ಮಾಮಿ ಈರುಳ್ಳಿ ಹಾಕಿದರು. ಅರ್ಧ ಬಾಣಲೆಗೆ, ಅರ್ಧ ಮೇಜಿಗೆ. ಮಾಮ ಮೇಜಿನ ಮೇಲಿನದನ್ನು ಒಂದೊಂದೇ ಆರಿಸಿ ಬಾಣಲೆಗೆ ಹಾಕಿದರು. ಕೆದಕುವ ಸೌಟು ಬಾಣಲೆಯ ಅಂಚಿಗೆ ಟಕಟಕ ಬಡಿಯುತ್ತಲೇ ಇತ್ತು. ಮನೆಯ ತುಂಬ ಆ ವಾಸನೆ ಎದ್ದಿತು. ಮಾಮ ಉತ್ಸಾಹದಿಂದ ಟೊಮೇಟೊ ತಟ್ಟೆ ಎತ್ತಿದರು.

'ಇನ್ನೂ ಇಲ್ಲ,' ಎಂದರು ಮಾಮಿ.

'ಕೆಂಪಾತಲ್ಲ?'

'ಇನ್ನೂ ಇಲ್ಲ ಅಂದೆ. ಕೈ ತೆಗೀರಿ ಆ ಕಡೆ. ಒತ್ತಿ ಗಿತ್ತಿ ನೋಡಬ್ಯಾಡ್ರಿ.'

ಮಾಮ ತಟ್ಟೆ ಕೆಳಗಿಟ್ಟು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತರು.

'ಹೂಂ,' ಎಂದರು ಮಾಮಿ ಕೊನೆಗೆ. 'ಈಗ.'

ಊಟ ಆದ ಮೇಲೆ ಮಂಜಣ್ಣ ಹೊರಟ. ಮಾಮ ಮಧ್ಯಾಹ್ನದ ನಮಾಜಿಗೆ ಹೋದರು. ಮಾಮಿ ಅಲ್ಲೇ ಒರಗಿ ಕಣ್ಣು ಮುಚ್ಚಿದ್ದರು. ಇಲ್ಲಿಗೆ ನಾನು ಡೈರಿ ಮುಚ್ಚಬಹುದಿತ್ತು. ಆದರೆ ಕಿಟಕಿಯ ಕೆಳಗೆ, ಮೇಜಿನ ಕಾಲಿನ ಹತ್ತಿರ, ಇನ್ನೂ ಸ್ವಲ್ಪ ಕೇಬಲ್ ಸುರುಳಿಯಾಗಿ ಉಳಿದಿತ್ತು. ಲೆಕ್ಕ ಬರೆಯುವವಳಿಗೆ ಹೀಗೆ ಉಳಿದದ್ದು ಕಂಡರೆ ಸುಮ್ಮನಿರಲು ಆಗುವುದಿಲ್ಲ. ಮಂಜಣ್ಣ ಮರೆತುಹೋದ ಟೇಪು ಅಲ್ಲೇ ಬಿದ್ದಿತ್ತು. ಅಳೆದೆ. ಆಮೇಲೆ ಒಂದು ಯೋಚನೆ ಬಂದು, ಮಂಚದಿಂದ ಗೋಡೆಯ ಬುಡ ಹಿಡಿದು ಒಳಕೋಣೆಗೆ ಅಳೆಯುತ್ತ ಹೋದೆ. ಮಾಮಿ ರಾತ್ರಿ ಮಲಗುವ ಹಾಸಿಗೆ ಇರುವುದು ಅಲ್ಲಿ. ಎದ್ದು ಹಾಲಿಗೂ ಬರಲಾಗದ ದಿನ ಅವರು ಇರುವುದು ಅಲ್ಲೇ. ಉಳಿದ ಕೇಬಲ್ ಆ ಹಾಸಿಗೆಯ ಪಕ್ಕಕ್ಕೆ ಮುಟ್ಟುತ್ತದೆ. ಮುಟ್ಟಿ, ಇನ್ನೂ ಒಂದು ಮೊಳ ಹೆಚ್ಚಿಗೆ ಉಳಿಯುತ್ತದೆ. ಅವರು ಯಾವ ಮಗ್ಗುಲಿಗೆ ಹೊರಳಿ ಮಲಗಿದರೂ ಒಲೆಯನ್ನು ಆ ಕಡೆ ತರುವಷ್ಟು.

ಮಾಮ ನಮಾಜಿನಿಂದ ಬಂದರು. 'ಮಂಜಣ್ಣ ಹೇಳಿದಂಗೆ ಉಳಿದದ್ದು ಕತ್ತರಿಸಿಬಿಡೋಣಾ ಮಾಮ?' ಎಂದೆ, ಅವರು ಏನು ಹೇಳುತ್ತಾರೆ ನೋಡೋಣ ಎಂದು. ಅವರು ಸುರುಳಿಯ ಹತ್ತಿರ ಕುಕ್ಕರಗಾಲಿನಲ್ಲಿ ಕೂತು, ಬೊಬ್ಬೆ ಮಾಯ್ದು ಕಲೆಯಾದ ಹೆಬ್ಬೆರಳಿನಿಂದ ಅದನ್ನು ಒತ್ತಿ ನೋಡಿದರು.

'ಕತ್ತರಿಸಬ್ಯಾಡ,' ಎಂದರು. 'ಇದು ಬ್ಯಾಡಾದ್ರೆ ಚಲೋನೇ ಆತು. ಇದ್ದಲ್ಲೇ ಇರ್ಲಿ.'

ಈಗ ನನ್ನ ತೊಂದರೆ ಇಷ್ಟು. ಮಂಜಣ್ಣ ಹೇಳಿದ್ದು ನಿಜ. ಐದೂವರೆ ಕಿಲೋವ್ಯಾಟಿನ ಒಲೆ ಉರಿಯುವಾಗ ಸುತ್ತಿಟ್ಟ ಕೇಬಲ್ ಬಿಸಿಯಾಗುತ್ತದೆ. ನಾನೇ ಮುಟ್ಟಿ ನೋಡಿದ್ದೇನೆ. ಸದ್ಯಕ್ಕೆ ಮಾಮಿ ಒಲೆ ಹಚ್ಚಿದಾಗಲೆಲ್ಲ ಮಾಮ ಆ ಸುರುಳಿಯನ್ನು ಬಿಚ್ಚಿ ನೆಲದ ಮೇಲೆ ಉದ್ದಕ್ಕೆ ಹಾಸುತ್ತಾರೆ, ಆರಿಸಿದ ಮೇಲೆ ಮತ್ತೆ ಸುತ್ತಿಡುತ್ತಾರೆ. ಮಾಮಿ ಎಡವುತ್ತಾರೆಂಬ ಹೆದರಿಕೆಗೆ ಅಡುಗೆ ಮುಗಿಯುವವರೆಗೂ ಅದರ ಪಕ್ಕದಲ್ಲೇ ಕಾವಲು ಕೂರುತ್ತಾರೆ. ಇಂಥ ಕೇಬಲನ್ನು ಕತ್ತರಿಸದೆ, ಬಿಸಿಯಾಗದಂತೆ, ಕಾಲಿಗೆ ತೊಡರದಂತೆ, ಬೇಕಾಗುವ ದಿನದವರೆಗೆ ಇಟ್ಟುಕೊಳ್ಳುವ ದಾರಿ ಯಾರಿಗಾದರೂ ತಿಳಿದಿದ್ದರೆ ದಯವಿಟ್ಟು ಬರೆದು ತಿಳಿಸಿ. ಬೇಕಾಗುವ ದಿನ ಬರದಂತೆ ಮಾಡುವ ದಾರಿ ತಿಳಿದವರಿದ್ದರೆ, ಅವರು ಮೊದಲು ಬರೆಯಲಿ.